ಅರ್ಜಿಯ ಅಂಚಿಗೊಂದು ಇಂಗ್ಲಿಷ್ ಕ್ರಿಯಾಪದ

ಜಾಗ ಬದಲಿಸಿಕೊಡಿ ಎಂದು ಗುಮಾಸ್ತರು ಕೊಟ್ಟ ಅರ್ಜಿ ಬೆಳಗ್ಗೆ ಹತ್ತಕ್ಕೇ ಅವರ ಮೇಜಿಗೆ ವಾಪಸು ಬಂತು. ಅಂಚಿನಲ್ಲಿ ಮ್ಯಾನೇಜರು ಕೆಂಪು ಶಾಯಿಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಬರೆದಿದ್ದರು: ಇನ್ಯೂರ್ಡ್.

ಪಾಪ, ಗುಮಾಸ್ತರ ಬೇಡಿಕೆ ದೊಡ್ಡದೇನೂ ಅಲ್ಲ. ಮೇಲಿನ ಮಹಡಿಯ ನೀರಿನ ಪೈಪು ಆರು ವರ್ಷದಿಂದ ಸರಿಯಾಗಿ ಅವರ ನೆತ್ತಿಯ ಮೇಲೇ ಸೋರುತ್ತಿತ್ತು. ಕುರ್ಚಿಯ ಬೆನ್ನಿಗೆ ಕೊಡೆ ಕಟ್ಟಿಕೊಂಡು, ಒಂದು ಕೈಯಲ್ಲಿ ಬರೆಯುತ್ತ, ಇನ್ನೊಂದರಲ್ಲಿ ಕಡತ ಒರೆಸುತ್ತ ಕಾಲ ತಳ್ಳಿದ್ದರು. ಇನ್ನು ಒಂದು ದಿನವೂ ಆಗದು. ಒಣಗಿದ ಒಂದು ಮೂಲೆ ಸಿಕ್ಕರೆ ಸಾಕಿತ್ತು.

ಆ ಪದ ಮಾತ್ರ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರೂ ಇರಲಿಲ್ಲ.

“ಅದು ಅಂಟುರೋಗ ಸರ್,” ಎಂದು ಟೈಪಿಸ್ಟ್ ತನ್ನ ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡಳು.

“ಥೂ, ಬಡ್ತಿ ಕಣ್ರೀ! ಕೆಂಪು ಶಾಯೀಲಿ ಯಾರಾದ್ರೂ ರೋಗ ಬರೀತಾರೇನ್ರೀ?” ಎಂದರು ಮೇಲ್ವಿಚಾರಕರು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಕಚೇರಿ ಗುಮಾಸ್ತರ ಕೈ ಕುಲುಕಿತು. ಕುಲುಕಿದವರನ್ನೆಲ್ಲ ಉಳಿದರ್ಧ ಕಚೇರಿ ಸೋಪು ಕೊಟ್ಟು ಮೇಲಿನ ಮಹಡಿಯ ನಲ್ಲಿಗೆ ಅಟ್ಟಿತು. ಅಷ್ಟೂ ಜನ ಕೈ ತೊಳೆದದ್ದೇ ತಡ, ಸೋರಿಕೆ ಎರಡರಷ್ಟಾಯಿತು.

ತಡೆಯಲಾರದೆ ಗುಮಾಸ್ತರು ತಮ್ಮ ಅಕ್ಕನ ಗಂಡನಿಗೆ ಫೋನು ಮಾಡಿದರು. ಭಾವ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಒಂದು ಪದ ಕೇಳಿದರೆ ಅದರ ಮುತ್ತಜ್ಜನವರೆಗೂ ಹೋಗುವವರು.

“ಕಷ್ಟಕ್ಕೆ ಒಗ್ಗಿಹೋದವನು ಅಂತ ಅರ್ಥ ಕಣೋ. ಕೆಲಸ ಅನ್ನೋದಕ್ಕೆ ಹಳೇ ಫ್ರೆಂಚಿನಲ್ಲಿ ಒಂದು ಮಾತಿತ್ತು, ಅದರಿಂದ ಹುಟ್ಟಿದ್ದು. ಕಷ್ಟಾನೂ ಕೆಲಸದ ಹಾಗೆ ದಿನಾ ಮಾಡ್ತಾ ಮಾಡ್ತಾ ರೂಢಿ ಆಗ್ಬಿಡುತ್ತೆ, ನೋಡು. ಬಲು ಚೆಂದದ ಪದ!”

ಗುಮಾಸ್ತರಿಗೆ ನೆನೆದ ಮೈಯೂ ಉರಿದುಹೋಯಿತು. ನೀರು ತೊಟ್ಟಿಕ್ಕಿಸಿಕೊಂಡೇ ಮ್ಯಾನೇಜರ ಕೋಣೆಗೆ ನುಗ್ಗಿದರು.

“ಸಾರ್, ನಾನು ಒಗ್ಗಿಲ್ಲ! ಆರು ವರ್ಷದಲ್ಲಿ ಒಂದು ದಿನಾನೂ ಒಗ್ಗಿಲ್ಲ! ಈಗಲೂ ಒಂದೊಂದು ಹನಿ ಬಿದ್ದಾಗಲೂ ಬೆಚ್ಚಿಬೀಳ್ತೀನಿ!” ಎಂದವರೇ ಫ್ರೆಂಚಿನಿಂದ ಹಿಡಿದು ರೂಢಿಯವರೆಗೆ ಪದದ ಜಾತಕವನ್ನೆಲ್ಲ ಒಪ್ಪಿಸಿದರು.

ಕೇಳುತ್ತ ಕೇಳುತ್ತ ಮ್ಯಾನೇಜರ ಮುಖ ಬಾಡಿತು. “ಛೆ, ನನ್ನಿಂದ ತಪ್ಪಾಯ್ತು ಕಣ್ರೀ,” ಎಂದು ಪದದ ಮೇಲೆ ಗೀಟು ಎಳೆದರು. ಗುಮಾಸ್ತರ ಕಣ್ಣು ತುಂಬಿ ಬಂತು.

“ಆರು ವರ್ಷ ಆದ್ರೂ ರೂಢಿ ಆಗಿಲ್ಲ ಅಂದ್ರೆ, ಅಭ್ಯಾಸ ಸಾಲ್ತಿಲ್ಲ ಅಂತ ತಾನೆ?” ಮ್ಯಾನೇಜರು ಹೊಸ ಆದೇಶ ಬರೆಯುತ್ತ ಮರುಗಿದರು. “ಇನ್ಮೇಲೆ ಭಾನುವಾರಾನೂ ಬಂದು ಅಲ್ಲೇ ಕೂತ್ಕೊಳ್ಳಿ.”