ಆನ್ ಉಂಟಾ, ಆಫ್ ಉಂಟಾ?

ಮೂಡುಬಿದಿರೆಯಲ್ಲಿ ರೇಡಿಯೊ ರಿಪೇರಿ ಮಾಡುವವನು ರೇಡಿಯೊ ರಿಪೇರಿಯನ್ನಷ್ಟೇ ಮಾಡಿಕೊಂಡಿರಬೇಕು. ತೊಂಬತ್ತರ ದಶಕದ ಕೊನೆಗೆ ಮೈಕ್ರೋಕಂಟ್ರೋಲರ್ ಎಂಬ ಕರಿ ಚಿಪ್ಪು ಕೈಗೆ ಸಿಕ್ಕಿದ್ದೇ ತಡ, ದೂರದ ಯಂತ್ರ ಆನೋ ಆಫೋ ಎಂದು ಕೂತಲ್ಲಿಗೇ ತಿಳಿಸುವ ಡಬ್ಬಿಯೊಂದನ್ನು ಮಾಡಿದೆ. ಯಂತ್ರಕ್ಕೆ ಹೋಗುವ ತಂತಿಯ ಸುತ್ತ ಒಂದು ಸುರುಳಿ. ತಂತಿಯಲ್ಲಿ ಕರೆಂಟು ಹರಿದರೆ ಚಿಪ್ಪಿಗೆ ಗೊತ್ತಾಗಿ ಕೆಂಪು ದೀಪ ಉರಿಯುತ್ತದೆ. ಇಷ್ಟೇ. ಇಷ್ಟಕ್ಕೆ ಆದ ಸುಸ್ತು ನನಗಿನ್ನೂ ಇಳಿದಿಲ್ಲ.

ಒಂದಕ್ಕೆ ಎರಡು

ಕೊಕ್ಕಡದ ಕೃಷಿಕರೊಬ್ಬರ ಪಂಪು ಗುಡ್ಡದ ಬುಡದಲ್ಲಿ, ಮನೆ ತುದಿಯಲ್ಲಿ. ಡಬ್ಬಿ ಕೊಂಡುಹೋದ ವಾರದಲ್ಲೇ ಬಂದರು.

“ಮೊದಲು ದಿನಕ್ಕೊಮ್ಮೆ ಗುಡ್ಡ ಇಳೀತಿದ್ದೆ. ಈಗ ದೀಪ ಉರಿಯುವುದಿಲ್ಲ ಅಂತ ನಾಲ್ಕು ಸಲ ಇಳೀತೇನೆ. ಹೋಗಿ ನೋಡಿದ್ರೆ ಪಂಪು ಓಡ್ತಾ ಉಂಟು!”

ಎರಡು ಬಸ್ಸು ಬದಲಿಸಿ ಹೋಗಿ ನೋಡಿದೆ. ಅವರ ವಯರ್‌ಮನ್ ಸುರುಳಿಯೊಳಗೆ ಎರಡೂ ತಂತಿ ತೂರಿಸಿದ್ದ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬರುವುದರಿಂದ ಡಬ್ಬಿಯ ಲೆಕ್ಕಕ್ಕೆ ಸೊನ್ನೆ.

“ಒಂದೇ ತಂತಿ ಅಂದಿದ್ದೆನಲ್ಲ?” ಎಂದು ವಯರ್‌ಮನ್‌ನನ್ನೇ ಕೇಳಿದೆ.

“ಅಂದಿದ್ರಿ. ನೀವು ಪಾಪ ದೂರದಿಂದ ಬರುವವರು, ಇರ್ಲಿ ಅಂತ ಒಂದು ಹೆಚ್ಚೇ ಹಾಕಿದೆ.”

ಮಾಣಿಯ ಗ್ರೈಂಡರ್

ಮಾಣಿ ಎಂಬ ಊರಿನ ಹೋಟೆಲಿನ ಧಣಿಗೆ ಅಡುಗೆಯವನ ಮೇಲೆ ಸಂಶಯ. ಗಲ್ಲಾದಲ್ಲಿ ಕೂತೇ ಗ್ರೈಂಡರ್ ತಿರುಗುವುದು ಗೊತ್ತಾಗಬೇಕು ಎಂದರು. ಮೂರು ದಿನ ದೀಪ ಚೆನ್ನಾಗಿ ಉರಿಯಿತು. ನಾಲ್ಕನೇ ದಿನ ದೀಪ ಉರಿಯುತ್ತಲೇ ಇತ್ತು, ದೋಸೆ ಮಾತ್ರ ಇಲ್ಲ. ಒಳಗೆ ಗ್ರೈಂಡರ್ ಖಾಲಿ ತಿರುಗುತ್ತಿತ್ತು, ಅಡುಗೆಯವ ಅದರ ಪಕ್ಕದಲ್ಲೇ ನಿದ್ರೆ ಹೋಗಿದ್ದ.

ಎಬ್ಬಿಸಿ ಕೇಳಿದರೆ, “ಗ್ರೈಂಡರ್ ಆನ್ ಇರ್ಬೇಕು ಅಂತ ಹೇಳಿದ್ರಿ. ಅಕ್ಕಿಯ ಸುದ್ದಿ ಯಾರೂ ಎತ್ತಲಿಲ್ಲ” ಎಂದ.

ಭಾವಮೈದುನನ ಮದುವೆ

ನನ್ನ ಹೆಂಡತಿಗೆ ಒಬ್ಬನೇ ತಮ್ಮ. ಬೆಳ್ತಂಗಡಿಯಲ್ಲಿ ಅವನ ಮದುವೆ. ಧಾರೆಯ ಹೊತ್ತಿಗೆ ಅಕ್ಕ ಪಕ್ಕದಲ್ಲಿರಬೇಕು ಎಂದು ಅವನು ನಾಲ್ಕು ಸಲ ಫೋನು ಮಾಡಿ ಹೇಳಿದ್ದ. ಬಸ್ಸು ವೇಣೂರು ಮುಟ್ಟುವಾಗ ಇವಳು ಕೇಳಿದಳು: “ಇಸ್ತ್ರಿಪೆಟ್ಟಿಗೆ ಆಫ್ ಮಾಡಿದ್ದೇವಾ?”

ಇವಳ ಈ ಪ್ರಶ್ನೆಗಾಗಿಯೇ ಮನೆಯಲ್ಲೂ ಒಂದು ಡಬ್ಬಿ ಕೂರಿಸಿ, ದೀಪವನ್ನು ಎದುರಿನ ಕಿಟಕಿಗೆ ಸಿಕ್ಕಿಸಿದ್ದೆ. ಬಸ್ಸಿಳಿದು ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಯ ಹಾಜಿಯವರಿಗೆ ಫೋನು ಮಾಡಿದೆ. ಅವರು ಹೋಗಿ ನೋಡಿ ಬಂದರು. “ದೀಪ ಇಲ್ಲ ಮಾರಾಯ್ರೇ.”

ನನಗೆ ಹೆಮ್ಮೆ. “ಕೇಳಿದೆಯಾ? ಆಫ್!”

ಅಷ್ಟರಲ್ಲಿ ಹಾಜಿಯವರು, “ನೀವು ಹೊರಟಾಗಿನಿಂದ ನಮ್ಮಲ್ಲೂ ಕರೆಂಟಿಲ್ಲ” ಎಂದರು.

ಕರೆಂಟಿಲ್ಲದಿದ್ದರೆ ದೀಪವೂ ಇಲ್ಲ. ಸ್ವಿಚ್ ಆನ್ ಇದ್ದು ಆಮೇಲೆ ಕರೆಂಟು ಬಂದರೆ? ಮನೆಯ ಬೀಗದ ಕೈ ಬೇರೆ ನಮ್ಮ ಹತ್ತಿರವೇ. ಇವಳ ಕಣ್ಣಲ್ಲಿ ನೀರು ಬಂತು. ನನಗೂ ಬಹಳ ಬೇಸರವಾಯಿತು. ವಾಪಸು ಮೂಡುಬಿದಿರೆ ಬಸ್ಸು ಹತ್ತಿದೆವು. ಧಾರೆ ತಪ್ಪಿತು.

ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯೇ ಇಲ್ಲ. ಕಳ್ಳರೇ ಎಂದು ನಾನು ಹೊರಗೆ ಓಡುವವನಿದ್ದೆ. ಇವಳು ಮೆಲ್ಲಗೆ ಕೈಚೀಲದ ಜಿಪ್ ಎಳೆದಳು. ತಮ್ಮನ ಶರಟಿಗೆ ಬೇಕಾದೀತೆಂದು ಅವಳೇ ತುಂಬಿಸಿಕೊಂಡಿದ್ದಳು. ಅದು ವೇಣೂರಿಗೆ ಹೋಗಿ ನಮ್ಮ ಜೊತೆಯಲ್ಲೇ ವಾಪಸು ಬಂದಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವಳು ಡಬ್ಬಿಯನ್ನು ದುರುಗುಟ್ಟಿ ನೋಡಿದಳು.

“ಆನ್ ಉಂಟಾ ಆಫ್ ಉಂಟಾ ಅಂತೆಲ್ಲ ಹೇಳುವ ಡಬ್ಬಿಗೆ, ಮನೆಯಲ್ಲಿ ಉಂಟಾ ಅಂತ ಹೇಳ್ಲಿಕ್ಕೆ ಏನು ದಾಡಿ?”