ನಾಲ್ಕು ಬೆರಳಗಲ ಬಟ್ಟೆಯ ಬಗ್ಗೆ ಸಮಜಾಯಿಷಿ

ನಗರದ ವಸ್ತುಸಂಗ್ರಹಾಲಯದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಮಸ್ತ ಮೊಹರುಗಳಿಗೂ, ಅವನ್ನು ಬೇಸರವಿಲ್ಲದೆ ಒತ್ತುತ್ತಿರುವ ಕೈಗಳಿಗೂ ಒಬ್ಬ ಸಾಧಾರಣ ದರ್ಜಿಯ ವಿನಯಪೂರ್ವಕ ನಮಸ್ಕಾರಗಳು. ತಾವು ದಯಪಾಲಿಸಿದ ನೋಟೀಸು ಕೈಸೇರಿ ಮನೆಮಂದಿಯೆಲ್ಲ ಪುನೀತರಾದೆವು. ಪ್ರದರ್ಶಿಕೆ ಸಂಖ್ಯೆ ಹದಿನಾಲ್ಕು, ಅಂದರೆ ಕೈಮಗ್ಗಕ್ಕೆ, ನನ್ನ ಹಿರಿಯ ಮಗಳು 'ಅನಧಿಕೃತವಾಗಿ ನಾಲ್ಕು ಬೆರಳಗಲ ಬಟ್ಟೆಯನ್ನು ಸೇರಿಸಿರುವ' ಬಗ್ಗೆ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಈ ಕಸುಬಿನಲ್ಲಿದ್ದೇನೆ. ಬಟ್ಟೆ ಕಡಿಮೆಯಾಯಿತೆಂದು ಅಂಗಡಿಯ ಮುಂದೆ ನಿಂತು ಕೂಗಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಹೆಚ್ಚಾಯಿತೆಂದು ದೂರಿದವರಲ್ಲಿ ತಾವೇ ಮೊದಲಿಗರು. ಇಂಥ ಗಿರಾಕಿ ಈ ಜನ್ಮದಲ್ಲಿ ಸಿಗುತ್ತಾರೆಂದು ನಾನು ಎಣಿಸಿರಲಿಲ್ಲ.

ಸಮಜಾಯಿಷಿಯನ್ನು ಎರಡು ಬಾರಿ ಖುದ್ದಾಗಿ ತಂದೆ. ಮೊದಲ ಬಾರಿ ಎಡಗಡೆ ಅಂಚು ಬಿಟ್ಟಿಲ್ಲವೆಂದೂ, ಎರಡನೆಯ ಬಾರಿ ಬಿಟ್ಟದ್ದು ಜಾಸ್ತಿಯಾಯಿತೆಂದೂ ತಮ್ಮ ಟಪಾಲು ಗುಮಾಸ್ತರು ಹಿಂದಿರುಗಿಸಿದರು. ಅಂಚಿನ ವಿಷಯದಲ್ಲಿ ದರ್ಜಿಯನ್ನೇ ತಿದ್ದುವಷ್ಟು ನಿಪುಣರು ತಮ್ಮಲ್ಲಿರುವುದು ಕಂಡು ನಾಚಿ, ಇದನ್ನು ಬಹಿರಂಗ ಪತ್ರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸಂಗತಿ ಅರಿಕೆ ಮಾಡಿಕೊಳ್ಳಬೇಕು. ನನ್ನ ಹೆಂಡತಿ ನಗರ ಸಾರಿಗೆಯ ಬಸ್ಸು ಓಡಿಸುತ್ತಾಳೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಯುತ್ತ ಇಬ್ಬರು ಹೆಣ್ಣುಮಕ್ಕಳಿಗೆ ಅಲ್ಲಿಯೇ ಪಾಠ ಹೇಳುತ್ತೇನೆ. ದೊಡ್ಡವಳಿಗೆ ಏಳು, ಚಿಕ್ಕವಳಿಗೆ ಐದು. ಚಿಕ್ಕವಳನ್ನು ನಾವು 'ಗುಂಡಿ' ಎನ್ನುತ್ತೇವೆ. ಅಂಗಿಯ ಗುಂಡಿಯ ಅರ್ಥದಲ್ಲಿ, ರಸ್ತೆಯ ಗುಂಡಿಯ ಅರ್ಥದಲ್ಲಿ ಅಲ್ಲ. ದೊಡ್ಡವಳು ಒಂದು ವರ್ಷ ಶಾಲೆಗೆ ಹೋದವಳೇ. ಕೈಕಟ್ಟಿ ಕೂರು, ಬಾಯಿಮೇಲೆ ಬೆರಳಿಡು ಎಂದು ಅಲ್ಲಿ ಹೇಳಿದ್ದನ್ನು ಉಳಿದ ಮಕ್ಕಳು ಗಂಟೆ ಹೊಡೆಯುವವರೆಗೆ ಪಾಲಿಸಿದರು. ಇವಳು ಪೂರ್ತಿಯಾಗಿ ಪಾಲಿಸಿಬಿಟ್ಟಳು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಹೊಸಿಲು ದಾಟಿದರೆ ಮೂಕಿ. ವೈದ್ಯರು ಅವಳ ಗಂಟಲು ನೋಡಿ, ಕಿವಿ ನೋಡಿ, ಎಲ್ಲ ಸರಿಯಾಗಿದೆ, ಅವಸರ ಮಾಡಬೇಡಿ ಎಂದರು. ತಮ್ಮ ಸಂಗ್ರಹಾಲಯಕ್ಕೆ ಬರುವ ಹೊತ್ತಿಗೆ ಅದಾಗಿ ಐದು ತಿಂಗಳಾಗಿತ್ತು.

ಅಕ್ಷರವನ್ನು ಮನೆಯಲ್ಲಿ ಕಲಿಸಬಹುದು, ಲೋಕವನ್ನು ಹೊರಗೇ ತೋರಿಸಬೇಕಲ್ಲ ಎಂದು ವಾರಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದೆ. ಬೇಕರಿಯವನು ಹಿಟ್ಟು ನಾದಲು ಕೊಟ್ಟ. ಅಗ್ನಿಶಾಮಕ ಠಾಣೆಯವರು ಗಂಟೆ ಬಾರಿಸಲು ಬಿಟ್ಟರು. ಅಂಚೆಯಣ್ಣ ಪತ್ರಗಳನ್ನು ಬೀದಿವಾರು ಜೋಡಿಸುವುದನ್ನು ಹೇಳಿಕೊಟ್ಟ. ಗುಂಡಿ ಎಲ್ಲ ಕಡೆಯೂ ಮೊಣಕೈವರೆಗೆ ಕೈಹಾಕಿದಳು. ದೊಡ್ಡವಳು ನನ್ನ ಅಂಗಿಯ ತುದಿ ಹಿಡಿದು ಬೆನ್ನಹಿಂದೆ ನಿಂತಳು. ಯಾರು ಏನು ಕೇಳಿದರೂ ಮುಖವನ್ನು ನನ್ನ ಬೆನ್ನಿಗೆ ಒತ್ತಿಕೊಳ್ಳುತ್ತಿದ್ದಳು.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನ್ನ ಅಕ್ಕ ಒಂದು ಭಾನುವಾರ ಬಂದು, "ಮಕ್ಕಳನ್ನ ಕರ್ಕೊಂಡು ಊರು ಸುತ್ತೋದಕ್ಕೆ ಓದು ಅಂತಾರೇನೋ? ಬರೋ ತಿಂಗಳು ಶಾಲೆಗೆ ಹಾಕಿಬಿಡು. ಇಲ್ಲಾಂದ್ರೆ ಈ ಮಗು ಜನರ ಮುಂದೆ ಬಾಯಿ ಬಿಡೋದೇ ಇಲ್ಲ, ಬರೆದಿಟ್ಕೋ" ಎಂದಳು. ಹೆಂಡತಿ ಅಕ್ಕನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು. ಕೇಳದೆಯೇ ಅವಳು ಕಾಫಿ ಸುರಿದರೆ ಅಕ್ಕನ ಮಾತು ಅರ್ಧ ಒಪ್ಪಿದ್ದಾಳೆಂದು ಅರ್ಥ. ಉಳಿದರ್ಧವನ್ನು ನಾನೂ ಒಳಗೊಳಗೇ ಒಪ್ಪಿದೆ. ಕೊನೆಯದೊಂದು ತಿರುಗಾಟ ಮುಗಿಸಿ ಶಾಲೆಗೆ ಹಾಕಿಬಿಡೋಣ ಎಂದುಕೊಂಡಿದ್ದಾಗ ಬಸ್‌ ನಿಲ್ದಾಣದ ಗೋಡೆಯ ಮೇಲೆ ತಮ್ಮ ಭಿತ್ತಿಪತ್ರ ಕಂಡಿತು: 'ಮಾಡಿ ಕಲಿಯೋಣ ಅಂಗಳ! ಪುಟಾಣಿಗಳೇ ಬನ್ನಿ, ಕೈಯಾರೆ ಮುಟ್ಟಿ, ಮನಸಾರೆ ಕಲಿಯಿರಿ!'

ಮಾನ್ಯರೇ, ತಮ್ಮ ಅಂಗಳವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಇರುವ ಪದವೆಲ್ಲ ತಮ್ಮ ಫಲಕಗಳ ಮೇಲೆಯೇ ಇತ್ತು. ರಾಟೆಯ ಮೇಲೆ 'ಮುಟ್ಟಬಾರದು'. ನೀರಿನ ಚಕ್ರದ ಮೇಲೆ 'ಮುಟ್ಟಬಾರದು'. ತಕ್ಕಡಿ, ಗಾಳಿಚೀಲ, ಮರದ ಹಲ್ಲುಗಾಲಿ, ಎಲ್ಲಕ್ಕೂ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಪಕ್ಕ ಫಲಕ. ಅಂಥ ಹತ್ತೊಂಬತ್ತು ಫಲಕಗಳನ್ನು ಗುಂಡಿ ಬೆರಳಿಟ್ಟು ಎಣಿಸಿದಳು. ಮೂರು ತಿಂಗಳಿಂದ ನಾನು ಒತ್ತಕ್ಷರ ಕಲಿಸಲು ಹೆಣಗುತ್ತಿದ್ದೆ. ತಮ್ಮ ಕೃಪೆಯಿಂದ ಅವಳು ಅರ್ಧ ಗಂಟೆಯಲ್ಲಿ ಟಕಾರಕ್ಕೆ ಟ ಒತ್ತು ಕಲಿತಳು. ಆ ಸಂಜೆಯೇ ನನ್ನ ಸೀಮೆಸುಣ್ಣದಿಂದ ಹೊಲಿಗೆ ಯಂತ್ರದ ಮೇಲೂ, ಬೆಕ್ಕಿನ ತಟ್ಟೆಯ ಮೇಲೂ, ಅಮ್ಮನ ಸಮವಸ್ತ್ರದ ಬೆನ್ನಿನ ಮೇಲೂ 'ಮುಟ್ಟಬಾರದು' ಎಂದೇ ಬರೆದಳು. ಹೆಂಡತಿ ಮಾರನೆಯ ದಿನ ಅದನ್ನು ಗಮನಿಸದೆ ತೊಟ್ಟುಕೊಂಡು ಹೋದಳು. ಆ ದಿನ ಬಸ್ಸಿನಲ್ಲಿ ಪ್ರಯಾಣಿಕರು ಎಂದೂ ಇಲ್ಲದ ಶಿಸ್ತಿನಿಂದ ವರ್ತಿಸಿದರಂತೆ.

ಈಗ ನಾಲ್ಕು ಬೆರಳಗಲದ ವಿಷಯ. ಮಗ್ಗದ ಪೆಟ್ಟಿಗೆಯ ಪಕ್ಕ ಸ್ಟೂಲಿನ ಮೇಲೆ ತಮ್ಮ ಹಳೆಯ ಕಾವಲುಗಾರರು ಕೂತಿದ್ದರು. ಸೊಂಟದಲ್ಲಿ ಬೀಗದಕೈ ಗೊಂಚಲು, ಮೂಗಿನ ತುದಿಯಲ್ಲಿ ಕನ್ನಡಕ. ದೊಡ್ಡವಳು ಆ ಗಾಜಿನ ಮುಂದೆ ನಿಂತವಳು ಕದಲಲಿಲ್ಲ. ಅವರು ಕರ್ತವ್ಯದಂತೆ, "ಮುಟ್ಬೇಡಮ್ಮ, ಅಲ್ಲಿಂದ್ಲೇ ನೋಡು" ಎಂದರು. ಅವಳು ಅಲ್ಲಿಂದಲೇ ನೋಡಿದಳು, ಮುಕ್ಕಾಲು ಗಂಟೆ. ಕೂತು ನೋಡಿದಳು, ನೆಲಕ್ಕೆ ಕೆನ್ನೆ ಇಟ್ಟು ಮಗ್ಗದ ಅಡಿಯನ್ನೂ ನೋಡಿದಳು. ದಿನವಿಡೀ ನನ್ನ ಯಂತ್ರದ ಕೆಳಗೆ ಕೂತು ಕಾಲ್ಮಣೆ ಒತ್ತಿದರೆ ಎಲ್ಲೆಲ್ಲಿ ಏನೇನು ಅಲ್ಲಾಡುತ್ತದೆಂದು ನೋಡುವ ಮಗು ಅದು. ಹೊರಡೋಣವೆಂದು ನಾನು ಗುಂಡಿಯನ್ನು ಎತ್ತಿಕೊಳ್ಳುತ್ತಿದ್ದೆ. ಹಿಂದಿನಿಂದ ಒಂದು ದನಿ ಕೇಳಿತು.

"ಇದು ನೇಯಲ್ಲ. ಎರಡು ಹಗ್ಗಾನೂ ಒಂದೇ ಕೋಲಿಗೆ ಕಟ್ಟಿದಾರೆ."

ಯಾರ ಮಗುವಪ್ಪಾ ಇದು ಎಂದು ನಾನೇ ತಿರುಗಿ ನೋಡಿದೆ. ಹೊರಗಿನವರೊಂದಿಗೆ ಮಾತಾಡುವಾಗ ನನ್ನ ಮಗಳ ದನಿ ಹೇಗಿರುತ್ತದೆಂಬುದು ನನಗೆ ಮರೆತೇಹೋಗಿತ್ತು. ಕಾವಲುಗಾರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಏನಂದೆ?" ಎಂದರು. ಅವಳು ಬೆರಳು ತೋರಿಸಿ ಇನ್ನೊಮ್ಮೆ ಹೇಳಿದಳು: ಯಾವ ಕಾಲ್ಮಣೆ ಒತ್ತಿದರೂ ಮೇಲೇಳುವುದು ಅವೇ ದಾರಗಳು, ಹಾಗಾದರೆ ಅಡ್ಡದಾರ ನಿಲ್ಲುವುದಾದರೂ ಹೇಗೆ?

"ಸ್ವಾಮಿ," ಎಂದರು ಅವರು ನನ್ನ ಕಡೆ ತಿರುಗಿ, "ಇಪ್ಪತ್ತಾರು ವರ್ಷ ಗಿರಣೀಲಿ ನೇಯ್ದೋನು ನಾನು. ಗಿರಣಿ ಮುಚ್ಚಿದ್ಮೇಲೆ ಇಲ್ಲಿಗೆ ಬಂದೆ. ಈ ಮಗ್ಗ ತಪ್ಪು ಕಟ್ಟಿದೆ ಅಂತ ಆರು ವರ್ಷದಿಂದ ಆಫೀಸಿಗೆ ಬರ್ಕೊಡ್ತಾನೇ ಇದೀನಿ. ಒಬ್ರೂ ಬಂದು ನೋಡ್ಲಿಲ್ಲ. ಈ ಮಗೂಗೆ ಕಾಣ್ತು ನೋಡಿ."

ಆಮೇಲೆ ಅವರು ಅಕ್ಷಮ್ಯ ಅಪರಾಧವೆಸಗಿದರು. ಬೀಗ ತೆಗೆದರು. ಮಗ್ಗದಡಿ ಮಲಗಿ, ಒಂದು ಹಗ್ಗ ಬಿಚ್ಚಿ ಇನ್ನೊಂದು ಕೋಲಿಗೆ ಕಟ್ಟಿದರು. ಉದ್ದದ ದಾರ ಹಾಸು, ಅಡ್ಡದ ದಾರ ಹೊಕ್ಕು, ಎರಡೂ ಸೇರಿದರೇ ಹಾಸುಹೊಕ್ಕು ಎಂದು ಹೇಳಿಕೊಟ್ಟು, ಅಡ್ಡದಾರವನ್ನು ಎಳೆದೊಯ್ಯುವ ಲಾಳಿಯನ್ನು ಅವಳ ಕೈಗಿತ್ತರು. ನಾನೂ ಜೀವಮಾನವೆಲ್ಲ ಆ ಮಾತನ್ನು ಬಳಸಿದ್ದೇನೆ. ಅದು ಬಟ್ಟೆಯ ಮಾತೆಂದು ದರ್ಜಿಯಾದ ನನಗೇ ಹೊಳೆದಿರಲಿಲ್ಲ. ಅವಳ ಕಾಲು ಎಟುಕದ್ದರಿಂದ ಕಾಲ್ಮಣೆಯನ್ನು ನಾನು ಒತ್ತಿದೆ. ಆದ್ದರಿಂದ ನೋಟೀಸಿನಲ್ಲಿ ನನ್ನ ಹೆಸರನ್ನೂ ಸಹ-ಆರೋಪಿಯಾಗಿ ಸೇರಿಸಬೇಕೆಂದು ಕೋರುತ್ತೇನೆ. ಒಂದೂವರೆ ಗಂಟೆ ಅವಳು ನೇಯ್ದಳು, ಆ ಒಂದೂವರೆ ಗಂಟೆಯೂ ಮಾತಾಡಿದಳು. ದಾರ ಯಾಕೆ ತುಂಡಾಗುತ್ತೆ, ಲಾಳಿಗೆ ಮೂಗು ಯಾಕೆ ಚೂಪು, ಗಿರಣಿಯಲ್ಲಿ ಗದ್ದಲವಾದರೆ ಜನ ಹೇಗೆ ಮಾತಾಡುತ್ತಾರೆ. "ತುಟಿ ನೋಡಿ ಅರ್ಥ ಮಾಡ್ಕೊಳ್ತಿದ್ವಿ ಕಣವ್ವ, ದನಿ ಯಾರಿಗೆ ಕೇಳ್ತಿತ್ತು?" ಎಂದರು ಅವರು. ನಾನು ದಾರ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ಅಷ್ಟರಲ್ಲಿ ತಮ್ಮ ಸಹಾಯಕ ಅಧಿಕಾರಿಗಳು ಬಂದು, ಮಾಡಿ ಕಲಿಯೋಣ ಅಂಗಳದಲ್ಲಿ ಯಾರೋ ಏನೋ ಮಾಡಿ ಕಲಿಯುತ್ತಿರುವುದನ್ನು ಕಂಡು ದಿಗ್ಭ್ರಾಂತರಾದರು.

ಮುಂದಿನ ವಾರ ಹೋದಾಗ ಸ್ಟೂಲಿನ ಮೇಲೆ ಸೀಟಿ ಕಟ್ಟಿಕೊಂಡ ಹೊಸಬರಿದ್ದರು. ದೊಡ್ಡವಳು ನನ್ನ ಅಂಗಿ ಬಿಟ್ಟು, ನೇರವಾಗಿ ಅವರ ಬಳಿ ಹೋಗಿ, "ಆ ತಾತ ಎಲ್ಲಿ?" ಎಂದಳು. ಅವರು ಸೀಟಿ ಊದಿದರು. ಅವಳು ಅದು ಮುಗಿಯುವವರೆಗೆ ಕಾದು ಮತ್ತೆ ಕೇಳಿದಳು. ಮೂರನೆಯ ಸೀಟಿಗೆ ಅವರೇ ಸೋತು, "ಹಿಂದುಗಡೆ, ಸೈಕಲ್ ಸ್ಟ್ಯಾಂಡಲ್ಲಿ ಹಾಕಿದಾರೆ" ಎಂದರು.

ಹೀಗೆ, ಮಾನ್ಯರೇ, ಇಪ್ಪತ್ತಾರು ವರ್ಷ ನೇಯ್ದ ಕೈಗಳನ್ನು ಸೈಕಲ್ಲುಗಳ ಕಾವಲಿಗೆ ಹಚ್ಚಿ ತಾವು ಸೈಕಲ್ಲುಗಳ ಗೌರವವನ್ನು ಹೆಚ್ಚಿಸಿದ್ದೀರಿ. ಪರಿಣಾಮ ಮಾತ್ರ ತಾವು ಎಣಿಸಿದಂತಾಗಿಲ್ಲ. ಅವರು ಕಬ್ಬಿಣದ ಎರಡು ಕಂಬಗಳ ನಡುವೆ ನನ್ನ ಅಂಗಡಿಯ ದಾರ ಬಿಗಿದು ಮಗಳಿಗೆ ಹಾಸು ಹಾಕುವುದನ್ನು ಕಲಿಸಿದರು. ಅದನ್ನು ಕಂಡು ಅಂಚೆಯಣ್ಣನ ಮೊಮ್ಮಗಳು ಬಂದಳು, ಬೇಕರಿಯವನ ಅವಳಿಜವಳಿ ಮಕ್ಕಳು ಬಂದರು. ಈಗ ಶನಿವಾರ ಬೆಳಿಗ್ಗೆ ಹನ್ನೊಂದು ಮಕ್ಕಳು ಕೂಡುತ್ತಾರೆ. ಹೊಸದಾಗಿ ಬಂದವರಿಗೆ ದಾರದ ಗಂಟು ಹೇಳಿಕೊಡುವವಳು ನನ್ನ ದೊಡ್ಡವಳು. ಹೋದ ಶನಿವಾರ ನನ್ನ ಅಕ್ಕನೂ ಪರೀಕ್ಷೆ ಮಾಡಲೆಂದೇ ಬಂದಿದ್ದಳು. ಮೂಲೆಯಲ್ಲಿ ನಿಂತು ತುಂಬ ಹೊತ್ತು ಕೇಳಿಸಿಕೊಂಡು, ಕೊನೆಗೆ ನನಗೆ ಹೇಳಿದ್ದು ಇಷ್ಟೇ: "ಶಾಲೆ ವಿಷಯ ಆಮೇಲೆ ನೋಡೋಣ. ಆ ಪಾಪದೋರಿಗೆ ಕೂರಕ್ಕೊಂದು ಸ್ಟೂಲಾದ್ರೂ ಕೊಡಿಸೋ."

ಆದ್ದರಿಂದ ಕೆಲವು ಸಣ್ಣಪುಟ್ಟ ಬಿನ್ನಹಗಳು. ನೇಯ್ದ ಬಟ್ಟೆಯನ್ನು ಬಿಚ್ಚಿ ಮಗ್ಗವನ್ನು ಯಥಾಸ್ಥಿತಿಗೆ ತರಬೇಕೆಂದು ನೋಟೀಸಿನಲ್ಲಿದೆ. ಹಾಗೆಯೇ ನನ್ನ ಮಗಳು ಅಂದು ಆಡಿದ ಮಾತುಗಳನ್ನೂ ಹಿಂದಕ್ಕೆ ಪಡೆಯುವ ವಿಧಾನವನ್ನು ತಾವೇ ತಿಳಿಸಿಕೊಡಬೇಕು, ನಮಗೆ ಗೊತ್ತಿಲ್ಲ. ಆ ಹಗ್ಗವನ್ನು ಮೊದಲಿನಂತೆ ತಪ್ಪಾಗಿ ಕಟ್ಟಲು ಪರಿಣತರ ಸಮಿತಿಯೊಂದನ್ನು ನೇಮಿಸಬೇಕು. ಮಕ್ಕಳಿಂದ ಪ್ರದರ್ಶಿಕೆಗಳನ್ನು ಕಾಪಾಡುವುದು ಕಷ್ಟವೆನಿಸಿದರೆ, ಮಕ್ಕಳನ್ನೇ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಕೆಗಳನ್ನು ಅಂಗಳದಲ್ಲಿ ಓಡಾಡಲು ಬಿಡಬಹುದು. ಇದ್ಯಾವುದೂ ಆಗದಿದ್ದಲ್ಲಿ, ಆ ಹಿರಿಯರನ್ನು ಮಗ್ಗದ ಬಳಿಗೆ ಮರಳಿ ಕಳಿಸಿ. ಇದೊಂದು ಬಿನ್ನಹವನ್ನು ಮಾತ್ರ ನಾನು ತಮಾಷೆಗೆ ಬರೆದಿಲ್ಲ.

ಎಡಬಲಗಳೆರಡರಲ್ಲೂ ಸಮನಾಗಿ ಅಂಚು ಬಿಟ್ಟಿದ್ದೇನೆಂಬ ಧೈರ್ಯದಿಂದ,

ಇಷ್ಟಾದರೂ ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ದರ್ಜಿ

ತಾಜಾಕಲಂ: ಈ ಪತ್ರ ಬರೆಯುವುದು ಬೇಡವೆಂದು ಆ ಹಿರಿಯರು ಕೈಮುಗಿದು ಹೇಳಿದರು, "ಇನ್ನು ಹದಿನಾಲ್ಕು ತಿಂಗಳು ಸರ್ವೀಸು ಸ್ವಾಮಿ, ಸೈಕಲ್‌ಗಳೇನೂ ನನಗೆ ತೊಂದರೆ ಕೊಡಲ್ಲ" ಎಂದರು. ಆದಕಾರಣ ಅವರನ್ನು ವಿಚಾರಿಸುವ ಶ್ರಮ ತಮಗೆ ಬೇಡ. ಆದರೆ ದೊಡ್ಡ ಸಾಹೇಬರು ಆ ಅಂಗಳಕ್ಕೆ ಯಾವತ್ತಾದರೂ ಬಂದಿದ್ದಾರಾ ಎಂದು ನನ್ನ ದೊಡ್ಡವಳು ಕೇಳುತ್ತಿದ್ದಾಳೆ. ಉತ್ತರ ಮರುಟಪಾಲಿನಲ್ಲಿ ಬರದಿದ್ದರೆ ಸೋಮವಾರ ಹತ್ತು ಗಂಟೆಗೆ ತಾನೇ ಬಂದು ತಮ್ಮನ್ನು ಕೇಳುತ್ತಾಳಂತೆ. ನಾನು ಬಾಗಿಲಾಚೆ ನಿಂತಿರುತ್ತೇನೆ. ಒಳಗೆ ಅವಳೊಬ್ಬಳೇ ಬರುತ್ತಾಳೆ.