ದೊರೆಯ ಕರೆಂಟ್ ಒಲೆಗೆ ಗಾಳಿ ಬಂದದ್ದು

ಹಳೇ ಮಿಷನ್ನು ರಿಪೇರಿಗೆ ಕೂತಾಗಲೆಲ್ಲ ನನಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಿಲ್ಲ. ಬ್ರಿಟಿಷರ ಕಾಲದಲ್ಲಿ ನಾನು ನೆಲ್ಯಹುದಿಕೇರಿ ಹತ್ತಿರದ ಎಸ್ಟೇಟೊಂದರಲ್ಲಿ ಮಿಷನ್ ಮೇಸ್ತ್ರಿ. ಆ ವರ್ಷ ಮಳೆಗೆ ಏಲಕ್ಕಿ ಒಣಗದೆ ಬೂಜು ಹಿಡಿಯುತ್ತಿತ್ತು. ನಮ್ಮ ದೊರೆ, ಮುಚ್ಚಿಹೋದ ವರ್ಕ್‌ಶಾಪಿನಿಂದ ಬೀರುವಿನಷ್ಟು ದೊಡ್ಡ ಕರೆಂಟ್ ಒಲೆಯೊಂದನ್ನು ಗಾಡಿಗೆ ಹೇರಿಸಿ ತಂದರು. ಒಲೆ ಬಿಸಿಯಾಗುತ್ತಿತ್ತು, ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುವ ಫ್ಯಾನಿನ ಮೋಟಾರಿಗೆ ಮಾತ್ರ ವೈರಿಂಗ್ ಇರಲಿಲ್ಲ. ವಾರದೊಳಗೆ ಆಗದಿದ್ದರೆ ಮೈಸೂರಿನಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇನೆ ಎಂದರು. ಅವನು ಬಂದರೆ ನಾನು ಗಂಟುಮೂಟೆ ಕಟ್ಟಬೇಕು. ಹಟ ಹಿಡಿದು ಕೂತೆ.

೧. ನಾಲ್ಕು ಚೀಟಿ

ಮೋಟಾರಿನಿಂದ ನಾಲ್ಕು ವೈರು ಹೊರಬಂದಿದ್ದವು, ನಾಲ್ಕೂ ಮಸಿಗಪ್ಪು. ಬಲ್ಬು ಹಚ್ಚಿ ಅರ್ಧ ದಿನ ಪರೀಕ್ಷೆ ಮಾಡಿ ಯಾವುದು ಏನೆಂದು ಕಂಡುಹಿಡಿದೆ. ನನಗೆ ಓದು ಬರಹ ಅಷ್ಟಕ್ಕಷ್ಟೆ. ಎಸ್ಟೇಟಿನ ರೈಟರನ್ನು ಕರೆದು, ಒಂದೊಂದನ್ನೂ ತೋರಿಸಿ, ಚೀಟಿ ಬರೆದು ಕಟ್ಟಿ ಎಂದೆ. ಅವರು ಬಹಳ ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು. ಮಾರನೇ ದಿನ ಓದಿಸಿದರೆ ನಾಲ್ಕರಲ್ಲೂ ಒಂದೇ ಪದ: 'ವೈರು'.

ಇದೇನು ಹೀಗೆ ಅಂದೆ. ರೈಟರಿಗೆ ಬೇಸರವಾಯಿತು.

"ಮತ್ತೇನು ಬರೀಲಿ ಮೇಸ್ತ್ರಿ? ಒಂದಾದ್ರೂ ಹಗ್ಗ ಇದ್ಯಾ ಇದ್ರಲ್ಲಿ?"

೨. ಉಲ್ಟಾ ಗಾಳಿ

ಮತ್ತೆ ಬಲ್ಬು ಹಚ್ಚಿ, ಮತ್ತೆ ಗುರುತು ಮಾಡಿ, ಎಸ್ಟೇಟಿಗೆ ಕರೆಂಟ್ ಕೊಡುತ್ತಿದ್ದ ಡೈನಮೋಗೆ ಜೋಡಿಸಿದೆ. ಫ್ಯಾನು ತಿರುಗಿತು. ಆದರೆ ಒಲೆಯ ಬಾಯಿಗೆ ಹಿಡಿದ ಕಾಗದ ಹಾರುವ ಬದಲು ಒಳಗೇ ಹೋಯಿತು. ಕರೆಂಟ್ ತರುವ ಎರಡು ವೈರನ್ನು ಅದಲುಬದಲು ಮಾಡಿದೆ. ಮತ್ತೂ ಅದೇ ದಿಕ್ಕು. ಮೂರು ಸಲ ಬಿಚ್ಚಿ ಕಟ್ಟಿದೆ, ಜಗ್ಗಲಿಲ್ಲ.

ಬಂಗಲೆಯ ಅಡುಗೆಯವರು ಬೀಡಿ ಸೇದುತ್ತ ಎಲ್ಲ ನೋಡುತ್ತಿದ್ದರು. ಕೊನೆಗೆ ಅವರಿಗೆ ನನ್ನ ಮೇಲೆ ಕನಿಕರ ಬಂತು.

"ಗಾಳಿ ಈ ಕಡೆ ಬರಲ್ಲ ಅಂದ್ರೆ, ನಾವೇ ಆ ಕಡೆ ಹೋಗಿ ನಿಂತ್ರೆ ಆಗಲ್ವಾ?"

೩. ಉದ್ಘಾಟನೆ

ಆರನೇ ದಿನ ಹೊಳೆಯಿತು: ಕರೆಂಟಿನ ವೈರು ಮುಟ್ಟಬಾರದು, ಮೋಟಾರಿನೊಳಗೆ ಫೀಲ್ಡ್ ಕಾಯಿಲ್ ಅಂತ ಇರುವ ತಂತಿಸುರುಳಿಯ ಎರಡು ವೈರನ್ನಷ್ಟೇ ಅದಲುಬದಲು ಮಾಡಬೇಕು. ಮಾಡಿದೆ. ಬಿಸಿಗಾಳಿ ಮುಖಕ್ಕೇ ಬಡಿಯಿತು. ಕಣ್ಣಲ್ಲಿ ನೀರು ಬಂದದ್ದು ಬಿಸಿಗೋ ಸಂತೋಷಕ್ಕೋ ಹೇಳಲಾರೆ. ದೊರೆ ಬಂದು ಕೈ ಒಡ್ಡಿ ನೋಡಿ, ಬೆನ್ನು ತಟ್ಟಿ ಹೋದರು.

ಮಾರನೇ ಬೆಳಿಗ್ಗೆ ಏಲಕ್ಕಿಯ ತಟ್ಟೆಗಳನ್ನು ಹೊರಿಸಿಕೊಂಡು ಹೋಗಿ ಬಾಗಿಲು ತೆಗೆದರೆ ಒಳಗೆ ಜಾಗವೇ ಇಲ್ಲ. ವಾರದಿಂದ ಒಣಗದಿದ್ದ ಬಂಗಲೆಯ ಬಟ್ಟೆಯನ್ನೆಲ್ಲ ದೊರೆಸಾನಿ ತಂತಿ ಕಟ್ಟಿಸಿ ನೇತುಹಾಕಿದ್ದರು. ಎಲ್ಲ ತೆಗೆಸಿ ಏಲಕ್ಕಿ ಇಡೋಣ ಎಂದು ರೋಷದಿಂದ ಕೈ ಹಾಕಿದೆ. ಹಿಂದಿನಿಂದ ಯಾರೋ ಕೆಮ್ಮಿದರು.

ದೊರೆ. ಸೊಂಟದಿಂದ ಪಾದದವರೆಗೆ ಕಂಬಳಿ ಸುತ್ತಿಕೊಂಡು, ಮೇಲೆ ಕೋಟು, ಟೈ ಹಾಕಿಕೊಂಡು ನಿಂತಿದ್ದರು.

"ಮೇಸ್ತ್ರಿ," ಎಂದರು ಬಹಳ ಮೆಲ್ಲಗೆ, "ಏಲಕ್ಕಿ ನಾಳೆ. ಫಸ್ಟು ನನ್ನ ಪ್ಯಾಂಟು."